ಸೆಲೆನಿಯಮ್, ಸೈಪ್ರೆಸ್, ಪ್ಲೇರೈಟ್: ಯಾರಿಗೆ ಯಾವುದು ಒಗ್ಗುತ್ತದೆ?

ಮನುಷ್ಯ ಕ್ಲಿಕ್ ಮಾಡುವ ಬದಲು ಕೋಡ್ ಬರೆದು ಬ್ರೌಸರ್ ಓಡಿಸಿ ವೆಬ್ ಆ್ಯಪ್ ಟೆಸ್ಟ್ ಮಾಡೋಕೆ ಈ ಮೂರರಲ್ಲಿ ಯಾವ ಟೂಲ್ ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಅವರನ್ನೇ ಒಂದು ಮಾತು ಕೇಳುತ್ತೇನೆ. ನಾಳೆ ಬೆಳಿಗ್ಗೆ ಟೆಸ್ಟ್ ಫೇಲ್ ಆಗಿ ಬಿದ್ದಿದ್ದರೆ ಅದನ್ನು ಬಿಚ್ಚಿ ನೋಡುವವರು ಯಾರು? ಇದು ಗೊತ್ತಿಲ್ಲದೆ ಟೂಲ್ ಆರಿಸುವುದು ಕಾಲಳತೆ ನೋಡದೆ ಚಪ್ಪಲಿ ಕೊಂಡ ಹಾಗೆ.

ಫ್ರಂಟ್‌ಎಂಡ್ ಡೆವಲಪರ್‌ಗಳೇ ನೋಡುತ್ತಾರೆ ಅಂದರೆ ಟೆಸ್ಟ್ ಕೂಡ ಅವರಿಗೆ ರೂಢಿಯಿರುವ ಟೈಪ್‌ಸ್ಕ್ರಿಪ್ಟ್‌ನಲ್ಲೇ ಇರಲಿ, ಆ್ಯಪ್ ಕೋಡ್ ಇರುವ ರೆಪೊದಲ್ಲೇ ಇರಲಿ. ಜಾವಾ ಬಲ್ಲ ಟೆಸ್ಟರ್‌ಗಳ ತಂಡ ಇದ್ದರೆ ಅವರ ಕೈಗೆ ಸೈಪ್ರೆಸ್ ಕೊಟ್ಟು 'ಜಾವಾಸ್ಕ್ರಿಪ್ಟ್ ಕಲಿತುಕೊಳ್ಳಿ' ಅನ್ನುವುದರಲ್ಲಿ ಅರ್ಥವಿಲ್ಲ. ಕಲಿಯುತ್ತಾರೆ, ಆದರೆ ಮೊದಲ ಆರು ತಿಂಗಳು ಬರೆದ ಕೋಡ್ ನೋಡಿದರೆ ಆಮೇಲೆ ಅವರಿಗೇ ಬೇಜಾರಾಗುತ್ತದೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಶುರು ಮಾಡುತ್ತಿದ್ದರೆ ಪ್ಲೇರೈಟ್. ಈಗಾಗಲೇ ಸೆಲೆನಿಯಮ್ ಟೆಸ್ಟ್‌ಗಳಿದ್ದು ಅವು ನಂಬಿಕೆಗೆ ಅರ್ಹವಾಗಿದ್ದರೆ ಮುಟ್ಟಬೇಡಿ. ಡೆವಲಪರ್‌ಗಳು ಕೋಡ್ ಬರೆಯುತ್ತಲೇ ಪಕ್ಕದಲ್ಲಿ ಟೆಸ್ಟ್ ಓಡಿಸುತ್ತಾ ಕೂರುವ ತಂಡ, ಆ್ಯಪ್ ಒಂದೇ ಡೊಮೇನ್‌ನಲ್ಲಿದೆ ಅಂದರೆ ಸೈಪ್ರೆಸ್ ಈಗಲೂ ಚೆನ್ನಾಗಿದೆ. ಆದರೆ ಟೂಲ್ ಬದಲಾಯಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದರೆ ಈ ಬರಹದ ಎರಡನೇ ಅರ್ಧ ನಿಮಗೇ ಬರೆದದ್ದು.

ಸೆಲೆನಿಯಮ್

2004ರಲ್ಲಿ ಥಾಟ್‌ವರ್ಕ್ಸ್‌ನಲ್ಲಿ ಜೇಸನ್ ಹಗ್ಗಿನ್ಸ್ ಶುರು ಮಾಡಿದ್ದು. ಆಗ ಟೆಸ್ಟಿಂಗ್ ಟೂಲ್ ಮಾರುತ್ತಿದ್ದ ದೊಡ್ಡ ಕಂಪನಿಯ ಹೆಸರು ಮರ್ಕ್ಯುರಿ, ಅಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಮ್ ಮದ್ದು ಅಂತ ತಮಾಷೆಗೆ ಇಟ್ಟ ಹೆಸರು ಇಪ್ಪತ್ತು ವರ್ಷ ದಾಟಿಯೂ ಉಳಿದಿದೆ.

ಇದರ ದೊಡ್ಡ ಶಕ್ತಿ ಅದು ಬ್ರೌಸರ್ ಜೊತೆ ಆಡುವ ಭಾಷೆ. ವೆಬ್‌ಡ್ರೈವರ್ ಅನ್ನುವ ಆ ಪ್ರೋಟೊಕಾಲ್ 2018ರಲ್ಲಿ ವೆಬ್‌ನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಅಧಿಕೃತ ಮಾನದಂಡವಾಯಿತು. ಹಾಗಾಗಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗೆ ಆಯಾ ಬ್ರೌಸರ್ ಮಾಡಿದವರೇ ಡ್ರೈವರ್ (ಟೆಸ್ಟ್‌ನ ಮಾತನ್ನು ಬ್ರೌಸರ್‌ಗೆ ಮುಟ್ಟಿಸುವ ಪ್ರೋಗ್ರಾಮ್) ಕೊಡುತ್ತಾರೆ. ಮ್ಯಾಕ್ ಮೇಲೆ ನಿಜವಾದ ಸಫಾರಿಯಲ್ಲಿ ಟೆಸ್ಟ್ ಓಡಬೇಕು ಅಂದರೆ ಈ ಮೂರರಲ್ಲಿ ಸೆಲೆನಿಯಮ್ ಒಂದೇ ದಾರಿ. ಜಾವಾ, ಪೈಥಾನ್, ಸಿ ಶಾರ್ಪ್, ರೂಬಿ, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಬರೆಯಬಹುದು. ಮೊಬೈಲ್ ಆ್ಯಪ್‌ಗೆ ಆಪಿಯಮ್ ಬಳಸುವವರಿಗೂ ಅದೇ ಪರಿಚಿತ ಶೈಲಿ.

ಹಳೇ ಬೈಗುಳಗಳಲ್ಲಿ ಒಂದು ಈಗ ಸಲ್ಲುವುದಿಲ್ಲ. ಕ್ರೋಮ್ ತಾನಾಗಿ ಅಪ್‌ಡೇಟ್ ಆಗಿ, ಡ್ರೈವರ್ ಹಳೆಯದಾಗಿ, ಬೆಳಿಗ್ಗೆ ಬಂದರೆ ಎಲ್ಲಾ ಟೆಸ್ಟ್ ಫೇಲ್ ಆಗಿರುತ್ತಿದ್ದ ಕಾಲ ಇತ್ತಲ್ವಾ, 4.6ನೇ ವರ್ಷನ್‌ನಿಂದ ಸೆಲೆನಿಯಮ್ ಮ್ಯಾನೇಜರ್ ಬಂದು ಹೊಂದುವ ಡ್ರೈವರನ್ನು ತಾನೇ ಹುಡುಕಿ ಇಳಿಸಿಕೊಳ್ಳುತ್ತದೆ. ಉಳಿದಿರುವ ತಲೆನೋವು ಕಾಯುವುದು. ಬಟನ್ ಬರುವ ತನಕ ಎಷ್ಟು ಹೊತ್ತು ಕಾಯಬೇಕು ಅಂತ ನೀವೇ ಬರೆಯಬೇಕು. ಇಂಪ್ಲಿಸಿಟ್ ವೇಟ್, ಅಂದರೆ ಏನನ್ನು ಹುಡುಕಿದರೂ ಕಾಯುವ ಸಾಮಾನ್ಯ ಅವಧಿ, ಮೊದಲಿಗೆ ಸೊನ್ನೆ. ಅದನ್ನು 10 ಸೆಕೆಂಡಿಗೆ ಏರಿಸಿ, ಜೊತೆಗೆ ಒಂದು ನಿರ್ದಿಷ್ಟ ಸಂಗತಿಗೆ ಮಾತ್ರ ಕಾಯುವ 15 ಸೆಕೆಂಡಿನ ಎಕ್ಸ್‌ಪ್ಲಿಸಿಟ್ ವೇಟನ್ನೂ ಸೇರಿಸಿದರೆ ಟೈಮ್‌ಔಟ್ 20 ಸೆಕೆಂಡಿಗೆ ಆಗಬಹುದು ಅಂತ ಸೆಲೆನಿಯಮ್‌ನ ದಾಖಲೆಯೇ ಎಚ್ಚರಿಸುತ್ತದೆ. ಎರಡರಲ್ಲಿ ಒಂದನ್ನು ಆರಿಸಿ, ಎಕ್ಸ್‌ಪ್ಲಿಸಿಟ್ ಆದರೆ ವಾಸಿ. ಇನ್ನೊಂದು: ಸೆಲೆನಿಯಮ್ ಬರೀ ಲೈಬ್ರರಿ. ಟೆಸ್ಟ್‌ಗಳನ್ನು ಓಡಿಸುವ ರನ್ನರ್, ರಿಪೋರ್ಟ್, ಫೇಲ್ ಆದಾಗ ಸ್ಕ್ರೀನ್‌ಶಾಟ್, ಎಲ್ಲ ನೀವೇ ಜೋಡಿಸಿಕೊಳ್ಳಬೇಕು. ಹಾಗೆ ಜೋಡಿಸಿದ ಒಬ್ಬರು ಕೆಲಸ ಬಿಟ್ಟು ಹೋದ ಮೇಲೆ ಆ 'ಫ್ರೇಮ್‌ವರ್ಕ್' ಅನ್ನು ಮುಟ್ಟಲು ಯಾರಿಗೂ ಧೈರ್ಯ ಬರುವುದಿಲ್ಲ, ಇದನ್ನು ನಾನು ಒಂದಕ್ಕಿಂತ ಜಾಸ್ತಿ ಸಲ ನೋಡಿದ್ದೇನೆ.

ಸೈಪ್ರೆಸ್

ಇದರ ಗುಟ್ಟು ಒಂದೇ: ಟೆಸ್ಟ್ ಕೋಡ್ ಬ್ರೌಸರ್ ಒಳಗೇ, ನಿಮ್ಮ ಆ್ಯಪ್ ಪಕ್ಕದಲ್ಲೇ ಓಡುತ್ತದೆ. ಇದರ ಸುಖವೂ ಕಷ್ಟವೂ ಅಲ್ಲಿಂದಲೇ ಬರುತ್ತವೆ. ಒಂದೊಂದು ಹೆಜ್ಜೆಯ ಮೇಲೆ ಮೌಸ್ ಇಟ್ಟರೆ ಆ ಕ್ಷಣದಲ್ಲಿ ಪೇಜ್ ಹೇಗಿತ್ತು ಅಂತ ಕಾಣುತ್ತದೆ. ಎಲಿಮೆಂಟ್ (ಪೇಜ್‌ನ ಬಟನ್, ಬಾಕ್ಸ್ ಥರದ ಭಾಗ) ಸಿಗದಿದ್ದರೆ 4 ಸೆಕೆಂಡ್ ತನಕ ತಾನೇ ಮತ್ತೆ ಮತ್ತೆ ಹುಡುಕುತ್ತದೆ. ಹೊಸಬರಿಗೆ ಮೊದಲ ದಿನವೇ ಖುಷಿ ಕೊಡುವ ಟೂಲ್ ಇದು.

ಕಷ್ಟ ಎರಡನೇ ತಿಂಗಳಿಗೆ ಕಾಣಿಸುತ್ತದೆ. ಲಾಗಿನ್ ಬೇರೆ ಡೊಮೇನ್‌ಗೆ ಹೋಗಿ ಬರುತ್ತದೆ ಅಂದರೆ ಸಿವೈ-ಒರಿಜಿನ್ ಅನ್ನುವ ಕಮಾಂಡ್ ಒಳಗೆ ಸುತ್ತಬೇಕು. ಎರಡು ಟ್ಯಾಬ್ ಬೇಕು, ಅಥವಾ ಚಾಟ್ ಆ್ಯಪ್‌ನಲ್ಲಿ ಇಬ್ಬರು ಬಳಕೆದಾರರು ಒಟ್ಟಿಗೆ ಮಾತಾಡುವುದನ್ನು ನೋಡಬೇಕು ಅಂದರೆ ಸೈಪ್ರೆಸ್ ಆ ಕೆಲಸಕ್ಕೆ ಹುಟ್ಟಿದ್ದಲ್ಲ. ಕಮಾಂಡ್‌ಗಳು ಬರೆದ ತಕ್ಷಣ ಓಡುವುದಿಲ್ಲ, ಸಾಲಿನಲ್ಲಿ ನಿಲ್ಲುತ್ತವೆ. ಹಾಗಾಗಿ ಒಂದು ಕಮಾಂಡ್‌ನ ಫಲಿತಾಂಶವನ್ನು ನೇರ ಒಂದು ವೇರಿಯೇಬಲ್‌ಗೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಬಳಸುತ್ತೇನೆ ಅಂದರೆ ಆಗುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಫಲಿತಾಂಶ ಬರುವ ತನಕ ಕಾಯಿಸುವ ಅಸಿಂಕ್-ಅವೈಟ್ ರೂಢಿ ಇರುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ಇನ್ನು ಟೆಸ್ಟ್‌ಗಳನ್ನು ಹಲವು ಮಷಿನ್‌ಗಳಿಗೆ ಹಂಚಿ ಓಡಿಸುವ ಸೌಲಭ್ಯ ಅವರ ಕ್ಲೌಡ್ ಸೇವೆಗೆ ಅಂಟಿಕೊಂಡಿದೆ. ಬೇಡ ಅಂದರೆ ಫೈಲ್‌ಗಳನ್ನು ಕೈಯಿಂದ ಭಾಗ ಮಾಡಿಕೊಳ್ಳಬಹುದು, ಸ್ವಲ್ಪ ದಿನ ನಡೆಯುತ್ತದೆ.

ಪ್ಲೇರೈಟ್

ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಹೊರತಂದದ್ದು. ಅದಕ್ಕೂ ಮುಂಚೆ ಗೂಗಲ್‌ನಲ್ಲಿ ಪಪೆಟಿಯರ್ ಅನ್ನುವ ಬ್ರೌಸರ್ ಓಡಿಸುವ ಟೂಲ್ ಕಟ್ಟಿದವರಲ್ಲಿ ಕೆಲವರು ಇದರ ಹಿಂದೆ ಇದ್ದಾರೆ. ಬ್ರೌಸರ್ ಜೊತೆ ಒಂದು ಕನೆಕ್ಷನ್ ತೆರೆದಿಟ್ಟುಕೊಂಡು ಎರಡೂ ಕಡೆಯಿಂದ ಮಾತಾಡುತ್ತದೆ. ಬ್ರೌಸರ್‌ನಲ್ಲಿ ಏನಾದರೂ ನಡೆದರೆ ಅದು ತಾನಾಗಿ ಬಂದು ಹೇಳುತ್ತದೆ, ಟೆಸ್ಟ್ ಹೋಗಿ ಹೋಗಿ ಕೇಳಬೇಕಿಲ್ಲ. ಸೆಲೆನಿಯಮ್ ಕೂಡ ಬೈಡೈ ಅನ್ನುವ ಹೊಸ ಪ್ರೋಟೊಕಾಲ್ ಹಿಡಿದು ಇದೇ ಕಡೆಗೆ ಬರುತ್ತಿದೆ.

ಕ್ಲಿಕ್ ಮಾಡುವ ಮೊದಲು ಬಟನ್ ಕಾಣುತ್ತಿದೆಯಾ, ಅಲ್ಲಾಡದೆ ನಿಂತಿದೆಯಾ, ಎನೇಬಲ್ ಆಗಿದೆಯಾ, ಮೇಲೆ ಬೇರೆ ಏನಾದರೂ ಮುಚ್ಚಿಕೊಂಡಿದೆಯಾ ಅಂತ ಪ್ಲೇರೈಟ್ ತಾನೇ ನೋಡಿಕೊಳ್ಳುತ್ತದೆ. ಒಂದೇ ಬ್ರೌಸರ್ ಒಳಗೆ ಬೇರೆ ಬೇರೆ ಕಾಂಟೆಕ್ಸ್ಟ್ (ಒಂದರ ಲಾಗಿನ್ ಇನ್ನೊಂದಕ್ಕೆ ತಾಗದ ಪ್ರತ್ಯೇಕ ಸೆಷನ್) ತೆರೆದರೆ ಇಬ್ಬರು ಬಳಕೆದಾರರ ಟೆಸ್ಟ್ ಸುಲಭ. ಒಮ್ಮೆ ಲಾಗಿನ್ ಆಗಿ ಕುಕೀಗಳನ್ನು ಫೈಲ್‌ಗೆ ಉಳಿಸಿಕೊಂಡರೆ ಉಳಿದ ಟೆಸ್ಟ್‌ಗಳು ಲಾಗಿನ್ ಪೇಜ್ ನೋಡುವ ಗೋಜಿಗೇ ಹೋಗುವುದಿಲ್ಲ. ನನಗೆ ಇದೆಲ್ಲಕ್ಕಿಂತ ಮುಖ್ಯ ಅನಿಸಿದ್ದು ಟ್ರೇಸ್ ವ್ಯೂವರ್. ಸಿಐನಲ್ಲಿ, ಅಂದರೆ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸರ್ವರ್‌ನಲ್ಲಿ, ರಾತ್ರಿ ಫೇಲ್ ಆಗಿ ಬಿದ್ದ ಟೆಸ್ಟ್‌ನ ಪ್ರತಿ ಹೆಜ್ಜೆ, ಆಗಿನ ಪೇಜ್, ನೆಟ್‌ವರ್ಕ್, ಕನ್ಸೋಲ್ ಎಲ್ಲವನ್ನೂ ಬೆಳಿಗ್ಗೆ ಒಂದೇ ಫೈಲ್‌ನಲ್ಲಿ ತೆರೆದು ನೋಡಬಹುದು. 'ನನ್ನ ಮಷಿನ್‌ನಲ್ಲಿ ಪಾಸ್ ಆಗ್ತಿದೆಯಲ್ಲಾ' ಅನ್ನುವ ಜಗಳ ಅರ್ಧ ಕಡಿಮೆ ಆಗುವುದು ಇದರಿಂದಲೇ.

ಹಾಗಂತ ಮುಚ್ಚಿಡಬಾರದ ಮಾತುಗಳೂ ಇವೆ. ಪೈಥಾನ್, ಜಾವಾ, ಡಾಟ್‌ನೆಟ್‌ನಲ್ಲೂ ಪ್ಲೇರೈಟ್ ಸಿಗುತ್ತದೆ, ಆದರೆ ಹೊಗಳಿಕೆಗೆಲ್ಲ ಕಾರಣವಾದ ಅದರದೇ ರನ್ನರ್ ಇರುವುದು ಜಾವಾಸ್ಕ್ರಿಪ್ಟ್ ಮತ್ತು ಟೈಪ್‌ಸ್ಕ್ರಿಪ್ಟ್‌ಗೆ ಮಾತ್ರ. ಉಳಿದ ಕಡೆ ಪೈಟೆಸ್ಟ್, ಜೆಯುನಿಟ್ ಥರದ ಆಯಾ ಭಾಷೆಯ ರನ್ನರ್ ಜೊತೆ ಸೇರಿಸಿಕೊಳ್ಳಬೇಕು. ಟ್ರೇಸ್ ಎಲ್ಲ ಭಾಷೆಯಲ್ಲೂ ಸಿಗುತ್ತದೆ, ಅಷ್ಟು ಸಮಾಧಾನ. ಎರಡನೆಯದು, ಪ್ಲೇರೈಟ್‌ನ ಪ್ರತಿ ವರ್ಷನ್ ತನ್ನದೇ ಬ್ರೌಸರ್ ವರ್ಷನ್‌ಗಳಿಗೆ ಕಟ್ಟಿಬಿದ್ದಿರುತ್ತದೆ. ಪ್ಯಾಕೇಜ್ ಅಪ್‌ಡೇಟ್ ಮಾಡಿ ಟೆಸ್ಟ್ ಓಡುವ ಪರಿಸರವನ್ನೆಲ್ಲ ಕಟ್ಟಿಟ್ಟ ಡಾಕರ್ ಇಮೇಜ್ ಹಳೆಯದೇ ಬಿಟ್ಟರೆ ಬ್ರೌಸರ್ ಸಿಗುತ್ತಿಲ್ಲ ಅಂತ ಎರರ್ ಬರುತ್ತದೆ. ನಾನು ಮೊದಲ ಸಲ ಇದಕ್ಕೆ ಇಡೀ ಮಧ್ಯಾಹ್ನ ಕಳೆದೆ. ಮೂರನೆಯದು, ಅದರಲ್ಲಿರುವ ವೆಬ್‌ಕಿಟ್ ಸಫಾರಿಯ ಎಂಜಿನ್ ಹೌದು, ಸಫಾರಿ ಅಲ್ಲ. ಬಹುತೇಕ ತೊಂದರೆಗಳನ್ನು ಹಿಡಿಯುತ್ತದೆ. ಆದರೆ ನಿಮ್ಮ ಆ್ಯಪ್ ವಿಡಿಯೊ ಅಥವಾ ಐಫೋನ್ ಕೀಬೋರ್ಡ್‌ನ ಜಾಗದ ಮೇಲೆ ನಿಂತಿದ್ದರೆ ನಿಜವಾದ ಫೋನ್ ಒಂದು ಕೈಯಲ್ಲಿರಲಿ.

ಉಳಿದವರ ಬಗ್ಗೆ ಬೇಗ ಮುಗಿಸುತ್ತೇನೆ. ಪಪೆಟಿಯರ್ ಒಳ್ಳೆಯದು, ಆದರೆ ಅದು ಬ್ರೌಸರ್ ಓಡಿಸುವ ಲೈಬ್ರರಿ. ಪಿಡಿಎಫ್ ತೆಗೆಯೋಕೆ, ಪೇಜ್‌ನಿಂದ ಮಾಹಿತಿ ಎತ್ತೋಕೆ ಬಳಸಿ. ವೆಬ್‌ಡ್ರೈವರ್‌ಐಒ ಗಟ್ಟಿಯಾಗಿದೆ, ವೆಬ್ ಮತ್ತು ಮೊಬೈಲ್ ಎರಡನ್ನೂ ಜಾವಾಸ್ಕ್ರಿಪ್ಟ್‌ನಲ್ಲೇ ಟೆಸ್ಟ್ ಮಾಡುವವರಿಗೆ ಹೊಂದುತ್ತದೆ. ಪ್ರೊಟ್ರಾಕ್ಟರ್ ನೋಡಲೇಬೇಡಿ, ಆಂಗ್ಯುಲರ್ ತಂಡ 2023ರಲ್ಲಿ ಅದನ್ನು ನಿಲ್ಲಿಸಿತು. ಫ್ಯಾಂಟಮ್‌ಜೆಎಸ್ ಅದಕ್ಕೂ ಮುಂಚೆ, 2018ರಲ್ಲೇ ನಿಂತಿತು. ಇವೆರಡರ ಮೇಲೆ ಸಾವಿರಾರು ಟೆಸ್ಟ್ ಬರೆದವರು ಇದ್ದರು. ಅದಕ್ಕೇ ಟೆಸ್ಟ್ ಒಳಗೆ ಎಲ್ಲೆಂದರಲ್ಲಿ ಟೂಲ್‌ನ ಕಮಾಂಡ್ ಚೆಲ್ಲಬೇಡಿ. 'ಆರ್ಡರ್ ರದ್ದು ಮಾಡು' ಅನ್ನುವುದು ಒಂದು ಫಂಕ್ಷನ್ ಆಗಿರಲಿ, ಅದರ ಒಳಗೆ ಯಾವ ಟೂಲ್ ಇದೆ ಅನ್ನುವುದು ಒಂದೇ ಕಡೆ ಇರಲಿ. ಪೇಜ್ ಆಬ್ಜೆಕ್ಟ್ ಅನ್ನುತ್ತಾರೆ, ಹೆಸರು ಏನಾದರೂ ಇರಲಿ.

ಟೂಲ್ ಯಾವುದಾದರೂ ಕಾಡುವ ಸಂಗತಿ: ಫ್ಲೇಕಿ ಟೆಸ್ಟ್

ಕೋಡ್ ಬದಲಾಗದೆ ಒಮ್ಮೆ ಪಾಸ್, ಒಮ್ಮೆ ಫೇಲ್. ಗೂಗಲ್ 2016ರಲ್ಲಿ ತನ್ನದೇ ಲೆಕ್ಕ ಹೇಳಿತ್ತು: ಅವರ ಟೆಸ್ಟ್‌ಗಳಲ್ಲಿ ಸುಮಾರು 16% ಒಂದಲ್ಲ ಒಂದು ಮಟ್ಟಿಗೆ ಫ್ಲೇಕಿ. ಅವರದ್ದೇ ಹಾಗಿದ್ದರೆ ನಮ್ಮದು ಕೇಳಬೇಕಾ.

ಒಂದು ಸಣ್ಣ ಲೆಕ್ಕ ಮಾಡಿ. ನಿಮ್ಮ ಹತ್ತಿರ 200 ಟೆಸ್ಟ್ ಇವೆ, ಒಂದೊಂದೂ 99.5% ಸಲ ಸರಿಯಾಗಿ ಪಾಸ್ ಆಗುತ್ತದೆ ಅಂದುಕೊಳ್ಳಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ 200 ಒಟ್ಟಿಗೆ ಪಾಸ್ ಆಗುವ ಸಾಧ್ಯತೆ ಬರೀ 37%. ಅಂದರೆ ಮೂರು ಸಲ ಓಡಿಸಿದರೆ ಹೆಚ್ಚು ಕಡಿಮೆ ಎರಡು ಸಲ ಸುಮ್ನೆ ಕೆಂಪು, ಅಂದರೆ ಫೇಲ್. 99.9%ಗೆ ಏರಿಸಿದರೂ 82% ಅಷ್ಟೇ.

ಹಿಂದೆ ನಾನಿದ್ದ ಒಂದು ತಂಡದಲ್ಲಿ ದಿನಾ ರಾತ್ರಿ 400ರಷ್ಟು ಟೆಸ್ಟ್ ಓಡುತ್ತಿದ್ದವು, ದಿನಾ ಬೆಳಿಗ್ಗೆ ಹತ್ತಿಪ್ಪತ್ತು ಫೇಲ್ ಇರುತ್ತಿದ್ದವು, ನಾವು ದಿನಾ 'ಮತ್ತೆ ಓಡಿಸಿ' ಅನ್ನುತ್ತಿದ್ದೆವು. ಒಂದು ದಿನ ಆ ಇಪ್ಪತ್ತರಲ್ಲಿ ಒಂದು ನಿಜವಾದ ಬಗ್ ಇತ್ತು. ರಿಯಾಯಿತಿ ಕೋಡ್ ಎರಡು ಸಲ ಕಳೆಯುತ್ತಿತ್ತು. ಟೆಸ್ಟ್ ಹಿಡಿದಿತ್ತು, ನಾವು ಹಿಡಿಯಲಿಲ್ಲ. ಆ ವಾರ ಯಾರೂ ಟೂಲ್ ಬಗ್ಗೆ ಮಾತಾಡಲಿಲ್ಲ.

ಕಾರಣಗಳು ಸಾಮಾನ್ಯವಾಗಿ ನಾಲ್ಕೈದೇ. ಮೊದಲನೆಯದು ಸ್ಲೀಪ್. 'ಮೂರು ಸೆಕೆಂಡ್ ನಿಲ್ಲು' ಅಂತ ಬರೆದ ಕಡೆಯೆಲ್ಲ ಒಂದೋ ಸಮಯ ಹಾಳು, ಇಲ್ಲವೋ ಸಿಐ ಮಷಿನ್ ನಿಧಾನವಾದ ದಿನ ಫೇಲ್. ಏನು ಕಾಣಬೇಕೋ ಅದು ಕಾಣುವ ತನಕ ಕಾಯಿರಿ. ಪ್ಲೇರೈಟ್‌ನ ಎಕ್ಸ್‌ಪೆಕ್ಟ್ ಅನ್ನುವ ಕಮಾಂಡ್ ಬೇರೇನೂ ಹೇಳದಿದ್ದರೆ 5 ಸೆಕೆಂಡ್ ಕಾಯುತ್ತದೆ, ಬಹುಪಾಲು ಕಡೆ ಅಷ್ಟು ಸಾಕು.

ಇನ್ನೊಂದು ಕಣ್ಣಿಗೆ ಬೀಳದ ಕಾರಣ ಹೈಡ್ರೇಶನ್. ಸರ್ವರ್‌ನಲ್ಲೇ ತಯಾರಾಗಿ ಬರುವ ಪೇಜ್‌ನಲ್ಲಿ ಬಟನ್ ಮೊದಲು ಕಾಣಿಸುತ್ತದೆ, ಅದಕ್ಕೆ ಜೀವ ಕೊಡುವ ಜಾವಾಸ್ಕ್ರಿಪ್ಟ್ ಆಮೇಲೆ ಬಂದು ಸೇರುತ್ತದೆ. ಈ ನಡುವೆ ಟೆಸ್ಟ್ ಕ್ಲಿಕ್ ಮಾಡಿದರೆ ಕ್ಲಿಕ್ ಗಾಳಿಗೆ ಹೋಗುತ್ತದೆ. ಪ್ಲೇರೈಟ್ ಎಷ್ಟೇ ಜಾಣ ಆದರೂ ಇದು ಅದಕ್ಕೆ ಗೊತ್ತಾಗುವುದಿಲ್ಲ, ಯಾಕೆಂದರೆ ಬಟನ್ ಕಾಣುತ್ತಿದೆ, ನಿಂತಿದೆ, ಎನೇಬಲ್ ಕೂಡ ಆಗಿದೆ. ನಿಧಾನ ನೆಟ್‌ವರ್ಕ್ ಇರುವ ನಿಜವಾದ ಮನುಷ್ಯನಿಗೂ ಇದೇ ಗತಿ. ಹಾಗಾಗಿ ಸ್ಕ್ರಿಪ್ಟ್ ಬರುವ ತನಕ ಬಟನ್ ಡಿಸೇಬಲ್ ಇಡಿ ಅಂತ ಡೆವಲಪರ್‌ಗೆ ಹೇಳಿ. ಟೆಸ್ಟ್‌ನಲ್ಲಿ ತೇಪೆ ಹಾಕಬೇಡಿ.

ಆಮೇಲೆ ಡೇಟಾ. ಹತ್ತು ಟೆಸ್ಟ್ ಒಂದೇ ಬಳಕೆದಾರನ ಅಕೌಂಟ್ ಹಂಚಿಕೊಂಡರೆ ಒಂದು ಟೆಸ್ಟ್ ಕಾರ್ಟ್ ಖಾಲಿ ಮಾಡುವ ಹೊತ್ತಿಗೆ ಇನ್ನೊಂದು ಬಿಲ್ ಹಾಕುತ್ತಿರುತ್ತದೆ. ಪ್ರತಿ ಟೆಸ್ಟ್ ತನ್ನ ಬಳಕೆದಾರನನ್ನು, ತನ್ನ ಆರ್ಡರ್ ಅನ್ನು ತಾನೇ ಹುಟ್ಟಿಸಿಕೊಳ್ಳಲಿ. ಅದನ್ನು ಸ್ಕ್ರೀನ್ ಮೂಲಕ ಅಲ್ಲ, ಎಪಿಐ (ಕೋಡ್‌ನಿಂದ ಸರ್ವರ್ ಅನ್ನು ನೇರ ಕೇಳುವ ದಾರಿ) ಮೂಲಕ ಮಾಡಿ, ಬೇಗ ಆಗುತ್ತದೆ. ತಾರೀಖಿನ ಟೆಸ್ಟ್ ಇದ್ದರೆ ಗಡಿಯಾರವನ್ನೇ ಟೆಸ್ಟ್ ಹಿಡಿತಕ್ಕೆ ತಗೊಳ್ಳಿ. ಸಿಐ ಮಷಿನ್ ಸಾಮಾನ್ಯವಾಗಿ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿರುತ್ತದೆ, ನಿಮ್ಮ ಲ್ಯಾಪ್‌ಟಾಪ್ ಬೇರೆ ಸಮಯದಲ್ಲಿರುತ್ತದೆ, ದಿನ ಬದಲಾಗುವ ಹೊತ್ತಿಗೆ ಮಾತ್ರ ಬೀಳುವ ಟೆಸ್ಟ್ ಹುಡುಕುವುದು ದೆವ್ವ ಹುಡುಕಿದ ಹಾಗೆ.

ಫೇಲ್ ಆದ ಟೆಸ್ಟ್ ತಾನೇ ಮತ್ತೆ ಓಡುವ ರೀಟ್ರೈ ಇಡಬೇಕಾ? ಸಿಐನಲ್ಲಿ ಒಂದು ಸಲ ಇಡಿ. ಆದರೆ ಎರಡನೇ ಸಲಕ್ಕೆ ಪಾಸ್ ಆದದ್ದನ್ನು ಹಸಿರು ಅಂತ ಎಣಿಸಬೇಡಿ, ಪಟ್ಟಿ ಮಾಡಿ. ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಟೆಸ್ಟ್ ಅನ್ನು ಮುಖ್ಯ ಸಾಲಿನಿಂದ ಎತ್ತಿ ಬೇರೆ ಇಡಿ, ವಾರದೊಳಗೆ ಸರಿ ಮಾಡಿ ಅಥವಾ ಅಳಿಸಿ. ಅಳಿಸೋಕೆ ಮನಸ್ಸು ಬರುವುದಿಲ್ಲ, ಗೊತ್ತು.

ಎಲಿಮೆಂಟ್ ಹಿಡಿಯುವುದು ಹೇಗೆ

ಎಲಿಮೆಂಟ್ ಎಲ್ಲಿದೆ ಅಂತ ದಾರಿ ಹೇಳುವ ಉದ್ದುದ್ದ ಎಕ್ಸ್‌ಪಾತ್ ಬರೆಯಬೇಡಿ. 'ನಾಲ್ಕನೇ ಡಿವ್ ಒಳಗಿನ ಎರಡನೇ ಸ್ಪ್ಯಾನ್' ಅನ್ನುವುದು ಮುಂದಿನ ವಾರ ಐದನೆಯದಾಗುತ್ತದೆ. ಬಟನ್ ಅನ್ನುವ ರೋಲ್, ಅದರ ಮೇಲಿನ ಹೆಸರು, ಇವೆರಡರಿಂದ ಹಿಡಿಯುವುದು ನನಗೆ ಇಷ್ಟ. ಬಳಸುವವರೂ ಹಾಗೇ ಹುಡುಕುತ್ತಾರೆ. ಹಾಗೆ ಹಿಡಿಯೋಕೆ ಆಗದಿದ್ದರೆ ಸ್ಕ್ರೀನ್ ರೀಡರ್ ಬಳಸುವವರಿಗೂ ಆ ಬಟನ್ ಸಿಗುತ್ತಿಲ್ಲ ಅನ್ನುವ ಗುಮಾನಿ ಬರಬೇಕು. ಆ್ಯಪ್ ಹಲವು ಭಾಷೆಗಳಲ್ಲಿದ್ದರೆ ಹೆಸರು ಬದಲಾಗುತ್ತದೆ. ಆಗ ಟೆಸ್ಟ್‌ಗೆಂದೇ ಕೋಡ್‌ನಲ್ಲಿ ಇಡುವ ಗುರುತು, ಅಂದರೆ ಟೆಸ್ಟ್‌ಐಡಿ ಹಾಕಿಸಿಕೊಳ್ಳಿ, ತಪ್ಪೇನಿಲ್ಲ. ಕೋಡ್ ಜನರೇಟರ್ ಬರೆದು ಕೊಟ್ಟ ಲೊಕೇಟರ್ (ಎಲಿಮೆಂಟ್ ಹುಡುಕುವ ವಿಳಾಸ) ಅನ್ನು ಒಮ್ಮೆ ಕಣ್ಣಾಡಿಸಿ ತಗೊಳ್ಳಿ, ಹಾಗೇ ಸುರಿದುಕೊಳ್ಳಬೇಡಿ.

ತಾನಾಗಿ ಲೊಕೇಟರ್ ಸರಿ ಮಾಡಿಕೊಳ್ಳುತ್ತೇನೆ ಅನ್ನುವ ಟೂಲ್‌ಗಳ ಬಗ್ಗೆ ನನಗೆ ಅನುಮಾನ ಇದೆ. 'ಉಳಿಸಿ' ಬಟನ್ ಕಾಣೆಯಾದರೆ ಅದು ಬಗ್. ಪಕ್ಕದ 'ಉಳಿಸಿ ಮುಚ್ಚಿ' ಒತ್ತಿ ಹಸಿರು ತೋರಿಸಿದರೆ ಯಾರಿಗೆ ಲಾಭ? ಎಐ ಬರೆದ ಟೆಸ್ಟ್‌ಗೂ ಇದೇ ಮಾತು. ಬೇಗ ಬರೆಯುತ್ತದೆ, ಕರಡಿಗೆ ನಾನೂ ಬಳಸುತ್ತೇನೆ, ಆದರೆ ಅದು ಆ್ಯಪ್ ಈಗ ಏನು ಮಾಡುತ್ತಿದೆಯೋ ಅದನ್ನೇ ಸರಿ ಅಂದುಕೊಂಡು ಬರೆಯುವುದು ಜಾಸ್ತಿ. ಈಗಿರುವ ಬಗ್‌ಗೆ ಕಾವಲು ಕೂರಿಸಿದ ಹಾಗೆ ಆಗುತ್ತದೆ.

ಎಷ್ಟು ಬ್ರೌಸರ್ ಟೆಸ್ಟ್ ಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ. ಫೋನ್ ನಂಬರ್ ಫಾರ್ಮ್ಯಾಟ್ ಸರಿ ಇದೆಯಾ ಅಂತ ಇಪ್ಪತ್ತು ಬಗೆಯಲ್ಲಿ ನೋಡೋಕೆ ಬ್ರೌಸರ್ ಇಪ್ಪತ್ತು ಸಲ ತೆರೆಯಬೇಕಾ? ಅದು ಬ್ರೌಸರ್ ಇಲ್ಲದೆ ಕೋಡ್ ಟೆಸ್ಟ್ ಮಾಡುವ ಜೆಸ್ಟ್ ಅಥವಾ ವಿಟೆಸ್ಟ್‌ನಲ್ಲಿ ಮಿಲಿಸೆಕೆಂಡ್‌ಗಳ ಕೆಲಸ. ಆದರೆ ಅವುಗಳ ಜೊತೆ ಬಳಸುವ ನಕಲಿ ಬ್ರೌಸರ್ ಜೆಎಸ್‌ಡಾಮ್‌ಗೆ ಲೇಔಟ್ ಅನ್ನುವುದೇ ಗೊತ್ತಿಲ್ಲ. ಬಟನ್ ಇನ್ನೊಂದರ ಅಡಿಯಲ್ಲಿ ಹೂತುಹೋಗಿದ್ದರೂ ಅದರ ಪ್ರಕಾರ ಎಲ್ಲ ಚೆನ್ನಾಗಿದೆ. ಅಂಥದ್ದಕ್ಕೆ ನಿಜವಾದ ಬ್ರೌಸರ್ ಬೇಕು. ಲಾಗಿನ್, ಹಣ ಕಟ್ಟುವುದು, ನಿಮ್ಮ ಆ್ಯಪ್ ಯಾಕೆ ಇದೆಯೋ ಆ ಎರಡು ಮೂರು ದಾರಿಗಳು, ಇವಕ್ಕೆ ಬ್ರೌಸರ್ ಟೆಸ್ಟ್ ಬರೆಯಿರಿ. ಹೊಸ ಕೋಡ್ ಸೇರಿಸಲು ಕೇಳುವ ಪ್ರತಿ ಪುಲ್ ರಿಕ್ವೆಸ್ಟ್‌ಗೆ ಹತ್ತು ನಿಮಿಷದೊಳಗೆ ಮುಗಿಯಬೇಕು, ಇಲ್ಲದಿದ್ದರೆ ಜನ ಕಾಯುವುದಿಲ್ಲ. ಉಳಿದದ್ದು ರಾತ್ರಿ ಓಡಲಿ.

ಹೊರಗಿನ ಪೇಮೆಂಟ್ ಸೇವೆಯನ್ನು ಮಾಕ್ ಮಾಡಬೇಕಾ (ಅಂದರೆ ನಕಲಿ ಉತ್ತರ ಇಡಬೇಕಾ), ನಿಜವಾದದ್ದನ್ನೇ ಕರೆಯಬೇಕಾ ಅಂತ ತುಂಬಾ ವಾದ ನಡೆಯುತ್ತದೆ. ಮಾಕ್ ಮಾಡಿದರೆ ಟೆಸ್ಟ್ ಗಟ್ಟಿ, ವೇಗ. ಆದರೆ ಅವರು ಉತ್ತರದ ರೂಪ ಬದಲಾಯಿಸಿದ ದಿನ ನಿಮ್ಮ ಟೆಸ್ಟ್ ಹಸಿರು, ಆ್ಯಪ್ ಮಾತ್ರ ಸತ್ತಿರುತ್ತದೆ. ನಾನು ಹೆಚ್ಚಿನದನ್ನು ಮಾಕ್ ಮಾಡಿ, ಒಂದೆರಡು ಟೆಸ್ಟ್ ಮಾತ್ರ ಅವರು ಪ್ರಯೋಗಕ್ಕೆಂದು ಕೊಡುವ ಸ್ಯಾಂಡ್‌ಬಾಕ್ಸ್‌ಗೆ ಹೋಗುವ ಹಾಗೆ ಇಡುತ್ತೇನೆ. ಆ ಒಂದೆರಡು ಬಿದ್ದರೆ ಬಿಡುಗಡೆ ನಿಲ್ಲುವುದಿಲ್ಲ, ಒಬ್ಬರಿಗೆ ಮೆಸೇಜ್ ಹೋಗುತ್ತದೆ.

ಸ್ಕ್ರೀನ್‌ಶಾಟ್ ಹೋಲಿಕೆ ಬೇಕಿದ್ದರೆ ಸಿಐಯದೇ ಡಾಕರ್ ಇಮೇಜ್‌ನಲ್ಲಿ ಮೂಲ ಚಿತ್ರ ತೆಗೆಯಿರಿ. ಮ್ಯಾಕ್‌ನ ಅಕ್ಷರಕ್ಕೂ ಲಿನಕ್ಸ್‌ನ ಅಕ್ಷರಕ್ಕೂ ಅಂಚು ಬೇರೆ. ಅಂಗವಿಕಲರಿಗೂ ಆ್ಯಪ್ ಬಳಸಲು ಆಗುತ್ತದಾ (ಆಕ್ಸೆಸಿಬಿಲಿಟಿ) ಅಂತ ನೋಡುವ ಆಕ್ಸ್-ಕೋರ್ ಹಾಕಿಕೊಳ್ಳಿ, ಅರ್ಧ ದಿನದ ಕೆಲಸ, ಆಕ್ಸೆಸಿಬಿಲಿಟಿಯ ಎಲ್ಲ ತಪ್ಪು ಹಿಡಿಯುವುದಿಲ್ಲ, ಮಾಮೂಲಿ ತಪ್ಪು ಹಿಡಿಯುತ್ತದೆ. ಇನ್ನು ಟೆಸ್ಟ್ ಅನ್ನು ಮಾಮೂಲಿ ವಾಕ್ಯಗಳಲ್ಲಿ ಬರೆಯುವ ಕುಕುಂಬರ್, ಗರ್ಕಿನ್: ಟೆಕ್ನಿಕಲ್ ಅಲ್ಲದವರು ನಿಜವಾಗಿಯೂ ಆ ಫೈಲ್ ಓದುತ್ತಾರೆ ಅಂದರೆ ಮಾತ್ರ. ಯಾರೂ ಓದದಿದ್ದರೆ ಒಂದೇ ಟೆಸ್ಟ್ ಅನ್ನು ಎರಡು ಕಡೆ ಬರೆದ ಹಾಗೆ.

ಸೆಲೆನಿಯಮ್‌ನಿಂದ ಹೊರಡುವವರಿಗೆ

ಎಲ್ಲವನ್ನೂ ಒಮ್ಮೆಗೇ ತಿರುಗಿಸಿ ಬರೆಯಬೇಡಿ. ಮೊದಲು ಹಳೆಯದರಲ್ಲಿ ಯಾರಿಗೂ ಬೇಡದ್ದನ್ನು ಅಳಿಸಿ, ಅದು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರುತ್ತದೆ. ಹೊಸ ಟೆಸ್ಟ್ ಹೊಸ ಟೂಲ್‌ನಲ್ಲಿ, ಹಳೆಯದು ಕೆಟ್ಟಾಗ ಮಾತ್ರ ಬದಲಾವಣೆ. ವರ್ಷಗಟ್ಟಲೆ ಎರಡೂ ಒಟ್ಟಿಗೆ ಇರಬಹುದು, ಇರಲಿ.

ಇನ್ನೂ ಮನಸ್ಸು ಗಟ್ಟಿಯಾಗದಿದ್ದರೆ ಎರಡು ದಿನ ಪ್ರಯೋಗ ಮಾಡಿ. ಲಾಗಿನ್ ಪೇಜ್ ತಗೊಳ್ಳಬೇಡಿ, ಅದು ಎಲ್ಲ ಟೂಲ್‌ನಲ್ಲೂ ಚೆಂದವೇ. ನಿಮ್ಮ ಆ್ಯಪ್‌ನ ಅತಿ ಕಷ್ಟದ ಸ್ಕ್ರೀನ್ ತಗೊಳ್ಳಿ: ಐಫ್ರೇಮ್ (ಪೇಜ್ ಒಳಗೆ ಇನ್ನೊಂದು ಪೇಜ್) ಇರುವುದು, ಫೈಲ್ ಅಪ್‌ಲೋಡ್ ಇರುವುದು, ಹೊಸ ಟ್ಯಾಬ್ ತೆರೆಯುವುದು. ಅದಕ್ಕೆ ಮೂರು ಟೆಸ್ಟ್ ನೀವು ತೂಗಿ ನೋಡುತ್ತಿರುವ ಎರಡೂ ಟೂಲ್‌ನಲ್ಲಿ ಬರೆಯಿರಿ. ಒಂದೊಂದನ್ನೂ ಸಿಐಯಲ್ಲಿ ಐವತ್ತು ಸಲ ಓಡಿಸಿ, ಪ್ಲೇರೈಟ್‌ನಲ್ಲಾದರೆ ಅದಕ್ಕೆ ರಿಪೀಟ್-ಈಚ್ ಅನ್ನುವ ಆಯ್ಕೆಯೇ ಇದೆ. ಆಮೇಲೆ ಆ್ಯಪ್ ಕೋಡ್‌ನಲ್ಲಿ ಬೇಕಂತಲೇ ಒಂದು ಸಾಲು ಕೆಡಿಸಿ, ಟೆಸ್ಟ್ ಬರೆಯದ ಇನ್ನೊಬ್ಬರನ್ನು ಕರೆದು ಬರೀ ರಿಪೋರ್ಟ್ ತೋರಿಸಿ, ಏನು ಕೆಟ್ಟಿದೆ ಅಂತ ಕೇಳಿ. ಯಾವ ಟೂಲ್‌ನ ರಿಪೋರ್ಟ್ ನೋಡಿ ಅವರು ಬೇಗ ಹೇಳುತ್ತಾರೋ ಅದನ್ನು ತಗೊಳ್ಳಿ. ಸಾಲು ಕೆಡಿಸಿದರೂ ಟೆಸ್ಟ್ ಹಸಿರಾಗೇ ಇದ್ದರೆ ಟೂಲ್ ಬಿಡಿ, ಮೊದಲು ಆ ಟೆಸ್ಟ್ ಏನನ್ನು ನೋಡುತ್ತಿದೆ ಅಂತ ನೋಡಿ.